ಸೋಮವಾರ ಹೂಡದ ಲಾರಿ

ಹೋದ ಸೋಮವಾರ ಮಧ್ಯಾಹ್ನ ಇಂಡಿ ಊರಿನ ನನ್ನ ಲಾರಿ ಬಿಡಿಭಾಗಗಳ ಅಂಗಡಿಯಲ್ಲಿ ಮೂವರಿದ್ದೆವು. ನಾನು, ಚಹಾ ಕುಡಿಯುತ್ತ ಕೂತ ಎದುರು ಗ್ಯಾರೇಜಿನ ಮಿಸ್ತ್ರಿ, ಮತ್ತು ಫ್ಯಾನ್ ಬೆಲ್ಟಿಗಾಗಿ ಬಂದಿದ್ದ ಚಡಚಣದ ಕಡೆಯ ಒಬ್ಬ ಡ್ರೈವರ್. ಅವನ ಲಾರಿ ಲಿಂಬೆಹಣ್ಣಿನ ಚೀಲ ಹೊತ್ತು ಬಿಸಿಲಲ್ಲಿ ನಿಂತಿತ್ತು. ತಳದ ಚೀಲದ ಹಣ್ಣು ಒಡೆದು, ಹಲಗೆಯ ಸಂದಿಯಿಂದ ರಸ ಕಾದ ಕಬ್ಬಿಣದ ಮೇಲೆ ತೊಟ್ಟಿಕ್ಕುತ್ತಿತ್ತು. ಲಿಂಬೆ, ಡೀಸೆಲ್, ಸುಟ್ಟ ಗ್ರೀಸು... ಮೂರೂ ಕೂಡಿದ ಆ ವಾಸನೆ ಒಳಗೆ ಬಂದಾಗ ಮಿಸ್ತ್ರಿ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ. ನಾನು ಮೂಲೆಯ ಮರದ ಸ್ಟೂಲಿನ ಕಡೆ ನೋಡಿದೆ.

ಅದು ಕಾಕಾನ ಸ್ಟೂಲು. ನೆಂಟಸ್ತಿಕೆಯಲ್ಲಿ ಅವರು ನನಗೆ ಏನೂ ಅಲ್ಲ. ಸಾಲೋಟಗಿ ರಸ್ತೆಯಲ್ಲಿ ನಮ್ಮ ಮನೆಯ ಬೆನ್ನಿಗೆ ಅವರ ಮನೆ, ಅಷ್ಟೇ. ಅಪ್ಪನಿಗಿಂತ ಸಣ್ಣವರೆಂದು ಅವರು ಕಾಕಾ, ಅವರ ಹೆಂಡತಿ ಕಾಕು. ಇವತ್ತು ನಾನು ಆಡುವ ಮಾತಿನಲ್ಲಿ ಅರ್ಧ ನನ್ನ ಅಜ್ಜಿಯದಾದರೆ ಇನ್ನರ್ಧ ಕಾಕಾನದು. ಮೊದಲು ಅವರದು ಎತ್ತಿನ ಬಂಡಿಯ ಬಾಡಿಗೆ. ಕಡೆಯ ಜೋಡಿ ಎತ್ತು ಮುಪ್ಪಾಗಿ ಕೊಟ್ಟಿಗೆಯಲ್ಲೇ ತೀರಿಕೊಂಡ ಮೇಲೆ, ಬಂಡಿ ಮಾರಿ, ಒಬ್ಬರು ಓಡಿಸಿ ಬಿಟ್ಟ ಆರು ಗಾಲಿಯ ಲಾರಿ ತಂದರು. ತಂದವರೇ ಅದನ್ನು ಬಸವನ ಬಾಗೇವಾಡಿಗೆ ಒಯ್ದು, ಬಸವಣ್ಣನ ಗುಡಿಯ ಮುಂದೆ ನಿಲ್ಲಿಸಿ, ಮಾತು ಕೊಟ್ಟು ಬಂದರು. ಏನೇ ಹೂಡಲಿ, ಸೋಮವಾರ ಹೂಡುವುದಿಲ್ಲ.

ನಮ್ಮ ಕಡೆ ಸೋಮವಾರ ಎತ್ತಿನ ಕೊರಳ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಕಾಕಾ ಅದನ್ನು ಲಾರಿಗೂ ನಡೆಸಿದರು. ಬೆಳಿಗ್ಗೆ ಇಬ್ಬರೂ ಸೇರಿ ಲಾರಿಯ ಮೈ ತೊಳೆಯುತ್ತಿದ್ದರು, ಕಾಕು ಅದರ ಹಣೆಗೆ ವಿಭೂತಿ ಹಚ್ಚುತ್ತಿದ್ದರು. ಆಮೇಲೆ ಕಾಕಾ ಒಗೆದ ಧೋತರ ಉಟ್ಟು ನನ್ನ ಅಂಗಡಿಗೆ ಬಂದು ಆ ಸ್ಟೂಲಿನ ಮೇಲೆ ಕೂತರೆ ಊಟದ ಹೊತ್ತಿನ ತನಕ ಏಳುತ್ತಿರಲಿಲ್ಲ. ಯಾವ ಎತ್ತು ಇಳಿಜಾರಿನಲ್ಲಿ ಮೋಸ ಮಾಡುತ್ತದೆ, ಯಾವುದು ಒಡೆಯನ ಕೆಮ್ಮಿಗೇ ಎದ್ದು ನಿಲ್ಲುತ್ತದೆ... ಗಿರಾಕಿಗಳು ಕೊಳ್ಳಲು ಬಂದದ್ದನ್ನು ಮರೆತು ನಿಲ್ಲುತ್ತಿದ್ದರು.

ಅವರಿಗೆ ಲೋಡು ಕೊಡುತ್ತಿದ್ದವರು ಒಬ್ಬ ಲಿಂಬೆಹಣ್ಣಿನ ವ್ಯಾಪಾರಿ. ಸೋಮವಾರವೂ ಅವರ ಫೋನು ಬರುವುದು.

"ಕಾಕಾರ, ಗಾಡಿ ತರ್ತೀರೇನ್ರಿ?"

"ಬಿಚ್ಚೇನ್ರಿ ಸಾವಕಾರ್ರ."

"ಲಾರಿಗೇನ್ ಬಿಚ್ಚೂದ್ರಿ? ಅದಕ್ಕೇನ್ ಕೊಳ್ಳ ನೋಯ್ತೈತೇನು?"

"ಅದಕ್ಕ ಬಾಯಿ ಇಲ್ಲಲ್ರಿ. ಇದ್ದಿದ್ರ ಹೇಳ್ತಿತ್ತು."

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಕಾಕಾ ಒಮ್ಮೆ 'ಬಿಚ್ಚೇನ್ರಿ', ಬಿಚ್ಚಿಟ್ಟಿದ್ದೇನೆ, ಅಂದರೆ ಸಾವಕಾರರೂ ಒತ್ತಾಯ ಮಾಡುತ್ತಿರಲಿಲ್ಲ. ನೊಗ ಬಿಚ್ಚುವ ಎತ್ತಿನ ಕಾಲದ ಮಾತು ಬಾಯಿಗೆ ರೂಢಿಯಾಗಿದೆ ಅಂತ ನಾವೆಲ್ಲ ನಗುತ್ತಿದ್ದೆವು.

ಆದರೆ ಲಿಂಬೆ ಕಾಯುವ ಮಾಲಲ್ಲ. ಒಂದು ಹಂಗಾಮಿನಲ್ಲಿ ಸಾವಕಾರರು ಸ್ಪಷ್ಟವಾಗಿ ಹೇಳಿಬಿಟ್ಟರು. ಸೋಮವಾರ ಬರ್ರಿ, ಇಲ್ಲಾ ಉಳಿದ ದಿನಗಳಲ್ಲೇ ಒಂದು ಟ್ರಿಪ್ ಹೆಚ್ಚು ಹೊಡೀರಿ, ಎರಡೂ ಆಗದಿದ್ದರೆ ಬೇರೆ ಗಾಡಿ ನೋಡಿಕೊಳ್ಳುತ್ತೇನೆ. ಕಾಕಾ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಯೋಚಿಸಿದರು. ಸೋಮವಾರ ಉಳಿಯಬೇಕಾದರೆ ಲಾರಿ ಚುರುಕಾಗಬೇಕಿತ್ತು.

ಸಿಂದಗಿಯಲ್ಲಿ ಒಬ್ಬ ಲ್ಯಾಪ್‌ಟಾಪಿನವನಿದ್ದ. ಇಂಜಿನ್ನಿನ ಕಂಪ್ಯೂಟರಿಗೆ ವಾಯರ್ ಚುಚ್ಚಿ, ಅದರೊಳಗಿನ ಪ್ರೋಗ್ರಾಮ್ ತಿದ್ದಿ, ಗಾಡಿಯ ಶಕ್ತಿ ಹೆಚ್ಚಿಸುತ್ತಿದ್ದ. ಕಾಕಾ ಹೋಗಿ ಮಾಡಿಸಿಕೊಂಡು ಬಂದರು. ಲಾರಿ ಏರಿನಲ್ಲಿ ತುಂಬಿದ ಲೋಡು ಹೊತ್ತು ಗೇರು ಇಳಿಸದೆ ಹತ್ತತೊಡಗಿತು. "ಹಿಂಡಿ ತಿಂದ ಹೋರಿ ಆಗೇತಿ ನೋಡಪಾ," ಅಂತ ಬೀದಿಗೆಲ್ಲ ಹೇಳಿದರು.

ಸಂತೋಷ ಆ ವಾರದ ಮಟ್ಟಿಗೆ ಮಾತ್ರ. ಶನಿವಾರ, ಏರಿನಲ್ಲಿ, ಡ್ಯಾಶ್‌ಬೋರ್ಡಿನ ಮೇಲೆ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿತು. ಜೊತೆಗೇ ಗಾಡಿ ಬಲಗುಂದಿ ತೆವಳಿತು. ಹಣ್ಣು ಕೆಡುತ್ತದೆಂದು ದಾರಿಯಲ್ಲಿ ನಿಲ್ಲುವಂತಿಲ್ಲ, ರವಿವಾರ ಗ್ಯಾರೇಜು ಬಾಗಿಲು ಹಾಕಿರುತ್ತದೆ, ಸೋಮವಾರ ಲಾರಿಯನ್ನು ಹೊರಗೆ ತೆಗೆಯುವುದಿಲ್ಲ. ಮಂಗಳವಾರ ಬೆಳಿಗ್ಗೆ ತಂದು ನಿಲ್ಲಿಸಿದರೆ ದೀಪ ಆರಿತ್ತು. ಮಿಸ್ತ್ರಿ ದೋಷ ಓದುವ ತನ್ನ ಡಬ್ಬಿ ಚುಚ್ಚಿದ. ಅದರಲ್ಲಿ ಏನೂ ಇರಲಿಲ್ಲ.

ಮುಂದಿನ ಶನಿವಾರ ಮತ್ತೆ ದೀಪ. ಮಂಗಳವಾರ ಮತ್ತೆ ಏನೂ ಇಲ್ಲ. ಮಿಸ್ತ್ರಿ ವಾಯರಿನ ಜೋಡಣೆಗಳನ್ನೆಲ್ಲ ಬಿಡಿಸಿ ತಿಕ್ಕಿದ, ನನ್ನ ಅಂಗಡಿಯಿಂದ ಒಂದು ಸೆನ್ಸರ್ ಒಯ್ದು ಬದಲಿಸಿದ. ಪ್ರಯೋಜನವಾಗಲಿಲ್ಲ. ಕೊನೆಗೆ ಅವನಿಗೂ ಬೇಸರ ಬಂತು.

"ಕಾಕಾರ, ಗಾಡಿಗೇನೂ ಆಗಿಲ್ರಿ. ನಿಮ್ಮ ಕಣ್ಣಿಗೆ ಕಾಮಣಿ ಆಗೇತಿ. ಎಲ್ಲಾ ಹಳದಿ ಕಾಣಾಕತ್ತೈತಿ."

"ನನಗ ಕಾಮಣಿ. ಗಾಡಿ ಯಾಕ ದಮ್ಮು ಹಿಡದಂಗ ಮಾಡ್ತೈತಿ?"

ಸಿಂದಗಿಯವನನ್ನು ಕೇಳಿದರೆ, ನನ್ನ ಕೆಲಸ ಪಕ್ಕಾ ಇದೆ, ಬೇಕಿದ್ದರೆ ಆ ದೀಪ ಮತ್ತೆ ಹತ್ತದಂತೆ ಪ್ರೋಗ್ರಾಮಿನಲ್ಲೇ ಮುಚ್ಚಿಬಿಡುತ್ತೇನೆ ಅಂದನಂತೆ. ಕಾಕಾ ಅಲ್ಲಿಂದ ಎದ್ದು ಬಂದರು. "ಎತ್ತ ಕುಂಟೂದು ನನಗ ಕಾಣಬಾರ್ದಂತ! ನನ್ನ ಕಣ್ಣ ಕಟ್ಟಿದ್ರ ಅದರ ಕಾಲ ನೆಟ್ಟಗಾಗ್ತೈತೇನು?"

ಗುಟ್ಟು ಹೊರಗೆ ಬಿದ್ದದ್ದು ಒಂದು ಗಡಿಯಾರದಿಂದ. ಒಂದು ಮಂಗಳವಾರ ಮಿಸ್ತ್ರಿ ಕ್ಯಾಬಿನ್ನಿನಲ್ಲಿ ಕೂತವನು, ಹಾಡಿನ ಟೇಪಿನ ಗಡಿಯಾರದಲ್ಲಿ, ಕರೆಂಟು ತಪ್ಪಿ ಬಂದಾಗಿನ ಹಾಗೆ, ಹನ್ನೆರಡರ ಅಂಕಿ ಮಿಣುಕುತ್ತಿರುವುದನ್ನು ಕಂಡ. "ಹೋದ ಮಂಗಳವಾರನೂ ಹಿಂಗ ಇತ್ತಲ್ರಿ ಇದು. ನಿನ್ನೆ ಗಾಡಿಗೆ ಏನರ ಮಾಡೀರೇನು ಕಾಕಾರ?"

"ನಿನ್ನೆ ಸೋಮವಾರಲ್ಲೋ. ಏನ್ ಮಾಡ್ಲಿ? ಬಿಚ್ಚಿಟ್ಟಿದ್ದೆ."

"ಏನ್ ಬಿಚ್ಚಿದ್ರಿ?"

"ಬ್ಯಾಟರಿ ವಾಯರೋ ತಮ್ಮಾ. ಲಾರಿಗೆ ಬಿಚ್ಚಾಕ ಮತ್ತೇನೈತಿ? ನೊಗ ಐತೇನು?"

ಮಿಸ್ತ್ರಿ ಕೆಳಗಿಳಿದು ಒಂದು ಹಳೆಯ ಟೈರಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ, ಕಾಕಾನೂ ನಕ್ಕರು. ಅಷ್ಟು ವರ್ಷ ನಾವು ಬರೀ ಮಾತು ಅಂದುಕೊಂಡದ್ದು ಮಾತಾಗಿರಲಿಲ್ಲ. ಪ್ರತಿ ಸೋಮವಾರ ನಸುಕಿನಲ್ಲಿ ಕಾಕಾ ನಿಜವಾಗಿಯೂ ಲಾರಿಯನ್ನು ಬಿಚ್ಚುತ್ತಿದ್ದರು. ಎಲ್ಲ ಗಾಡಿಗಳೂ ಹೀಗಲ್ಲ, ಆದರೆ ಆ ಲಾರಿಯ ಕಂಪ್ಯೂಟರಿಗೆ ಬ್ಯಾಟರಿ ತಪ್ಪಿದರೆ ತಾನು ಗುರುತು ಹಾಕಿಟ್ಟ ದೋಷ ಅಳಿಸಿಹೋಗುತ್ತಿತ್ತು, ದೀಪವೂ ಆರುತ್ತಿತ್ತು. ಶನಿವಾರ ಅದು ಹೇಳಿದ್ದು ಮಂಗಳವಾರದ ಹೊತ್ತಿಗೆ ಅದಕ್ಕೇ ನೆನಪಿರುತ್ತಿರಲಿಲ್ಲ.

"ಒಂದ ಸೋಮವಾರ ವಾಯರ್ ಮುಟ್ಟಬ್ಯಾಡ್ರಿ," ಅಂದ ಮಿಸ್ತ್ರಿ.

ಕಾಕಾನ ನಗು ನಿಂತಿತು. "ಹೊರಗ ಒಯ್ಯೂದಿಲ್ಲ ಮತ್ತ."

"ಒಯ್ಯಬ್ಯಾಡ್ರಿ. ಮನಿ ಮುಂದ ನಿಂತಿರ್ಲಿ. ಮಂಗಳವಾರ ಹಂಗ ತರ್ರಿ."

ಆ ಸೋಮವಾರ ಬೆಳಿಗ್ಗೆ ನಾನು ದೀಪ ನೋಡುವ ಕುತೂಹಲಕ್ಕೆ ಅವರ ಅಂಗಳಕ್ಕೆ ಹೋದೆ. ಕಾಕು ಲಾರಿ ತೊಳೆಯಲು ಬಕೇಟಿಗೆ ನೀರು ತುಂಬಿಸುತ್ತಿದ್ದರು. ಕಾಕಾ ಬ್ಯಾಟರಿಯ ಪೆಟ್ಟಿಗೆಯ ಹತ್ತಿರ ಕೈಗೆ ಕೆಲಸವಿಲ್ಲದವರ ಹಾಗೆ ನಿಂತಿದ್ದರು. ಅಷ್ಟರಲ್ಲಿ ಸಾವಕಾರರ ಫೋನು. ಅವರ ಬೇರೆ ಲಾರಿಯ ಆಕ್ಸೆಲ್ ಮುರಿದಿತ್ತು, ಸೊಲ್ಲಾಪುರಕ್ಕೆ ಹೋಗಬೇಕಾದ ಹಣ್ಣು ರಾಶಿ ಬಿದ್ದಿತ್ತು. ಎಲ್ಲ ಹೇಳಿ, ಉತ್ತರ ಗೊತ್ತಿದ್ದವರ ಹಾಗೆ ತಾವೇ ಕೇಳಿದರು, "ನೀವೇನ್ ಬಿಚ್ಚೇ ಇರ್ತೀರಿ, ಅಲ್ರಿ?"

ಕಾಕಾ ಬ್ಯಾಟರಿಯ ಕಡೆ ನೋಡಿದರು.

"ಇಲ್ರಿ... ಇವತ್ತ ಬಿಚ್ಚಿಲ್ರಿ."

"ಹಂಗಾರ ಬರ್ರಿ ಮತ್ತ!" ಸಾವಕಾರರ ಸಂತೋಷದ ದನಿ ನನಗೂ ಕೇಳಿಸಿತು.

"ಬಿಚ್ಚೇನಿ ಅಂದಿದ್ರ ಏನಾಗ್ತಿತ್ರಿ?" ಕಾಕು ಕೇಳಿದರು.

"ಬಿಚ್ಚಿಲ್ಲಲ. ಸುಳ್ಳ ಹೆಂಗ ಹೇಳ್ಲಿ?"

ಕಾಕು ಬಕೇಟನ್ನು ಕೆಳಗಿಟ್ಟರು. "ಎತ್ತ ಆಗಿದ್ರ ಸೋಮವಾರ ಏಳ್ತಿದ್ದಿಲ್ಲ," ಅಂದು ಒಳಗೆ ಹೋದರು. ಲಾರಿ ಒಂದೇ ಸಲಕ್ಕೆ ಸ್ಟಾರ್ಟಾಯಿತು. ಹಳದಿ ದೀಪ ಹತ್ತಿದ್ದ ಹಾಗೇ, ಮೈ ತೊಳೆಯದೆ, ಹಣೆಗೆ ವಿಭೂತಿಯಿಲ್ಲದೆ ಅದು ರಸ್ತೆಗೆ ಇಳಿದದ್ದು ಇನ್ನೂ ಕಣ್ಣ ಮುಂದಿದೆ.

ಮಂಗಳವಾರ ಮಿಸ್ತ್ರಿಯ ಡಬ್ಬಿಗೆ ದೋಷ ಸಿಕ್ಕಿತು. ಹೆಚ್ಚಿದ ಗಾಳಿಯ ಒತ್ತಡಕ್ಕೆ ಟರ್ಬೋದ ರಬ್ಬರ್ ಪೈಪು ಕೂದಲೆಳೆಯಷ್ಟು ಸೀಳಿತ್ತು. ನಿಂತಾಗ ಮುಚ್ಚಿಕೊಳ್ಳುವುದು, ಏರಿನಲ್ಲಿ ಬಾಯಿ ಬಿಡುವುದು. ಪೈಪು ನನ್ನ ಅಂಗಡಿಯಲ್ಲೇ ಇತ್ತು. ಚಹಾ ಬರುವುದರೊಳಗೆ ಕೆಲಸ ಮುಗಿಯಿತು. ದೀಪ ಆರಿತು, ಮತ್ತೆಂದೂ ಹತ್ತಲಿಲ್ಲ. ನಾವೆಲ್ಲ ಗೆದ್ದವರ ಹಾಗೆ ಬೆನ್ನು ತಟ್ಟಿಕೊಂಡೆವು. ಕಾಕಾ ಒಬ್ಬರೇ ಚಹಾ ಮುಟ್ಟದೆ ಲಾರಿ ಹತ್ತಿದರು.

ಮುಂದಿನ ಸೋಮವಾರ ಸಾವಕಾರರ ಫೋನು ಬಂದೇ ಬಂತು. ಹೋದ ವಾರ ಬಂದಿದ್ದಿರಲ್ಲ, ಅಂದರು. ಕಾಕಾ ಹೋದರು. ಅದರ ಮುಂದಿನ ವಾರವೂ ಹೋದರು. ಯಾವ ಸೋಮವಾರವನ್ನು ಉಳಿಸಲು ಲಾರಿಯ ಪ್ರೋಗ್ರಾಮ್ ಬದಲಿಸಿದ್ದರೋ ಆ ಸೋಮವಾರವೇ ಹೋಯಿತು. ಒಂದು ದಿನ ಡೀಸೆಲ್ ಫಿಲ್ಟರಿಗೆ ಬಂದಾಗ ನಾನು ಕೇಳಿದೆ, "ಮತ್ತ ಬಿಚ್ಚಾಕ ಶುರು ಮಾಡ್ರಲ್ಲ ಕಾಕಾರ?"

"ಮುರದ ಮಾತದು. ಯಾವ ಬಾಯಿಲೆ ಮತ್ತ ಹೇಳ್ಲಿ?"

"ಬಾಗೇವಾಡಿಗೆ ಹೋಗಿ, ತಪ್ಪಾತು ಅಂತ ಹೇಳಿ ಬರ್ರಿ."

"ಹೋಗ್ಬೇಕು..." ಅಂದರು. "ಸೋಮವಾರ ಬಿಡುವು ಸಿಕ್ರ ಹೋಗ್ತೇನಿ."

ತಾವೇನು ಅಂದೆವೆಂಬುದು ಅವರಿಗೇ ಹೊಳೆದು ನಕ್ಕರು. ನನಗೆ ನಗು ಬರಲಿಲ್ಲ. ಸ್ಟೂಲಿನ ಮೇಲೆ ಕೂಡದೆ ಹೋದರು. ಆ ಬಿಡುವು ಅವರಿಗೆ ಸಿಗಲೇ ಇಲ್ಲ. ಮರುವರ್ಷದ ಹಂಗಾಮು ಮುಗಿಯುವ ಮೊದಲೇ ಎದೆನೋವು ಬಂತು. ಹಾಸಿಗೆ ಹಿಡಿದರು, ಲಾರಿಗೆ ಬಾಡಿಗೆ ಡ್ರೈವರ್ ಬಂದ, ಕಾಕಾ ಏಳಲಿಲ್ಲ.

ಹೋದ ಸೋಮವಾರ ಆ ಚಡಚಣದ ಡ್ರೈವರ್ ಬೆಲ್ಟು ಕೈಗೆ ತೆಗೆದುಕೊಂಡು ಸ್ಟೂಲು ತೋರಿಸಿದ. "ಎರಡ ನಿಮಿಷ ಕುಂದರ್ಲೇನ್ರಿ ಇಲ್ಲೆ?"

"ಕುಂದರ್ರಿ," ಅಂದೆ. ಕೂತ. ಎತ್ತಿನ ಮಾತು ಅವನಿಗೆ ಏನು ಗೊತ್ತು, ನನಗೂ ಕೇಳುವ ಮನಸ್ಸಿರಲಿಲ್ಲ. ಲಾರಿಗಳು ಈ ರಸ್ತೆಯಲ್ಲಿ ಎಲ್ಲ ವಾರವೂ ಓಡುತ್ತವೆ. ಸೋಮವಾರ ಬಂತೆಂದು ನನಗೆ ತಿಳಿಸುವವರು ಈಗ ಯಾರೂ ಇಲ್ಲ...

ಕಾಕಾ ತೀರಿಕೊಂಡ ಮೇಲಿನ ಮೊದಲ ಸೋಮವಾರ, ಲಾರಿ ಇನ್ನೂ ಮಾರಿರಲಿಲ್ಲ, ನಸುಕಿನಲ್ಲಿ ಕಾಕು ನಮ್ಮ ಮನೆಯ ಬಾಗಿಲಿಗೆ ಬಂದು ನಟ್ಟು ಬಿಚ್ಚುವ ಪಾನಾ ಕೇಳಿದರು. ನಾನು ಒಯ್ದುಕೊಟ್ಟೆ. ಬಿಚ್ಚಿಕೊಡಲೇ ಅಂದರೆ ಬೇಡ ಅಂದರು. ತಾವೇ ನಟ್ಟು ಸಡಿಲಿಸಿ, ವಾಯರಿನ ತುದಿಯನ್ನು ಬ್ಯಾಟರಿಯಿಂದ ಎತ್ತಿ, ಕಾಕಾನ ಹಳೆಯ ಧೋತರದ ಚೂರಿನಲ್ಲಿ ಸುತ್ತಿ ಪಕ್ಕಕ್ಕಿಟ್ಟರು. ಬಕೇಟು ತುಂಬಿಸಿಕೊಂಡು ಬಂದು ಲಾರಿಯ ಮೈ ತೊಳೆದರು. ವಿಭೂತಿ ಹಚ್ಚುವಾಗ ಕಾಕಾನ ಫೋನು ಸದ್ದು ಮಾಡಿತು. ಬಾಡಿಗೆ ಡ್ರೈವರನನ್ನು ಕಳಿಸಿಕೊಡುತ್ತೀರಾ ಅಂತ ಸಾವಕಾರರು ಕೇಳುತ್ತಿದ್ದರು. ಕಾಕು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೇಳಿದರು.

"ಬಿಚ್ಚೇನ್ರಿ ಸಾವಕಾರ್ರ."