ಡಬ್ಬಿ ಖಾಲಿ ಕಳಿಸಬಾರದು

ಕ್ರಿಸ್‌ಮಸ್‌ಗೆ ಗಿಫ್ಟ್ ಬೇಡ ಎಂದು ಮೊದಲು ಹೇಳಿದವನು ನಾನೇ. ಆ ವರ್ಷ ವರ್ಕ್‌ಶಾಪಿಗೆ ಹೊಸ ವೆಲ್ಡಿಂಗ್ ಮೆಷಿನ್ ತಂದು ಕೈ ಬರಿದಾಗಿತ್ತು. ಆದರೆ ಹಾಗಂತ ಷಡ್ಡಕನ ಮುಂದೆ ಹೇಳುವ ಜಾಯಮಾನ ನನ್ನದಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕಬ್ಬಿಣ ಹಿಡಿದವನು ನಾನು. ಉತ್ತರಹಳ್ಳಿಯಲ್ಲಿ ನನ್ನ ಕೈಯಲ್ಲಾದ ಗೇಟು ತಳ್ಳದೆ ಮನೆಯೊಳಗೆ ಕಾಲಿಡಲಾಗದ ಬೀದಿಗಳಿವೆ. ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಡಿಗ್ರಿ ಓದಿದವರು, ಜೆ.ಪಿ. ನಗರದಲ್ಲಿ ಫ್ಲ್ಯಾಟು, ತಿಂಗಳಾದರೆ ಸಂಬಳ. ಮದುವೆಯಾದಾಗಿನಿಂದ ಪ್ರತಿ ಕ್ರಿಸ್‌ಮಸ್‌ಗೂ ನಾನು ಮಿಕ್ಸಿ ಕೊಟ್ಟರೆ ಅವರು ಗ್ರೈಂಡರ್, ನಾನು ಫ್ಯಾನು ಕೊಟ್ಟರೆ ಅವರು ಕೂಲರ್. ಇದು ಹೀಗೇ ಹೋದರೆ ಮುಂದೆ ಫ್ರಿಜ್ಜಿಗೇ ಬಂದು ನಿಲ್ಲುತ್ತದೆ ಎಂಬುದು ನನಗೆ ಗೊತ್ತಿತ್ತು.

ಡಿಸೆಂಬರಿನ ಮೊದಲ ಭಾನುವಾರ ಚರ್ಚ್ ಮುಗಿಸಿ ಎಲ್ಲರೂ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಬಿರಿಯಾನಿ ಅರ್ಧ ಇಳಿದ ಮೇಲೆ ನಾನು ಗಂಟಲು ಸರಿಮಾಡಿಕೊಂಡೆ.

"ಯೇಸುಸ್ವಾಮಿ ಹುಟ್ಟಿದ್ದು ದನದ ಕೊಟ್ಟಿಗೇಲಿ. ನಾವು ನೋಡಿದ್ರೆ ಶೋರೂಮ್ ಸುತ್ತುತಾ ಇದೀವಿ. ಈ ಸಲ ಗಿಫ್ಟ್ ಬೇಡ. ಮನೇಲಿ ಮಾಡಿದ ತಿಂಡಿ, ಅಷ್ಟೇ."

"ಭಾವ, ಆ ಕೊಟ್ಟಿಗೆಗೂ ಚಿನ್ನ ತಂದುಕೊಟ್ಟೋರು ಇದ್ರಲ್ಲ" ಎಂದಳು ನಾದಿನಿ.

"ಅವ್ರು ಷಡ್ಡಕರಲ್ಲಮ್ಮ. ಒಂದೇ ಸಲ ಕೊಟ್ಟು ಹೋದ್ರು."

ಷಡ್ಡಕರು ಮೂಳೆಯನ್ನು ತಟ್ಟೆಗಿಟ್ಟು, "ಕರೆಕ್ಟಾಗಿ ಹೇಳಿದ್ರಿ ಅಣ್ಣ" ಎಂದರು. ಇಷ್ಟು ಬೇಗ ಒಪ್ಪಿಕೊಂಡದ್ದು ನೋಡಿ ನನಗೇ ಅನುಮಾನ ಬಂತು. ನಮ್ಮ ಜೊತೆಯಲ್ಲೇ ಇರುವ ನನ್ನ ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ "ನೋಡಣ" ಎಂದಷ್ಟೇ ಹೇಳಿದರು.

ಮರುವಾರ ನನ್ನ ಹೆಂಡತಿ ಒಂದು ಸ್ಟೀಲ್ ಡಬ್ಬಿ ತುಂಬ ಕ್ರಿಸ್‌ಮಸ್ಸಿನ ಸಿಹಿ ತಿಂಡಿ ಕಲ್‌ಕಲ್ ಮಾಡಿ ತಂಗಿಯ ಮನೆಗೆ ಕಳಿಸಿದಳು. ಡಬ್ಬಿ ವಾಪಸ್ ಬಂದಾಗ ಅದರಲ್ಲಿ ಗೋಡಂಬಿ, ಒಣದ್ರಾಕ್ಷಿ. ಹಿಡಿಸದೆ ಮಿಕ್ಕಿದ್ದು ಅವರದೇ ಇನ್ನೊಂದು ಡಬ್ಬಿಯಲ್ಲಿ.

"ಮುರುಕಲು ಗೋಡಂಬಿ ಅಲ್ಲ ರೀ, ಇಡಿಯವು" ಎಂದು ಹೆಂಡತಿ ಒಂದನ್ನು ಬೆಳಕಿಗೆ ಹಿಡಿದು ನೋಡಿದಳು. "ಈಗ ಅವಳ ಡಬ್ಬಿ ನಮ್ಮನೇಲಿ ಉಳೀತು. ಖಾಲಿ ಕಳ್ಸೋಕಾಗುತ್ತಾ?"

ಆಗುವುದಿಲ್ಲ. ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸುವ ಪದ್ಧತಿಯಿಲ್ಲ. ಹಿಂದೂಗಳಾಗಲಿ ನಾವಾಗಲಿ, ಈ ಒಂದು ವಿಷಯದಲ್ಲಿ ಎಲ್ಲರದೂ ಒಂದೇ ಧರ್ಮ. ಕರ್ಜಿಕಾಯಿ ಆಯಿತು. ಅವರ ಡಬ್ಬಿಯಲ್ಲಿ ಹಿಡಿಸದ್ದನ್ನು ನಮ್ಮ ನಾಲ್ಕು ಅಂತಸ್ತಿನ ಕ್ಯಾರಿಯರಿಗೆ ತುಂಬಿ ಕಳಿಸಿದೆವು. ಕ್ಯಾರಿಯರು ತುಂಬಿಕೊಂಡೇ ಬಂತು, ಜೊತೆಗೆ ಒಂದು ಹಾಟ್‌ಬಾಕ್ಸ್ ತುಂಬ ರೋಸ್ ಕುಕ್ಕಿ. ಹಾಟ್‌ಬಾಕ್ಸಿನ ಮೇಲೆ ಅಂಗಡಿಯ ಸ್ಟಿಕ್ಕರ್ ಹಾಗೇ ಇತ್ತು.

ನಾನು ಫೋನ್ ಮಾಡಿದೆ. "ಇದು ಗಿಫ್ಟ್ ಆಗಲ್ವಾ?"

"ಇಲ್ಲ ಅಣ್ಣ, ಪಾತ್ರೆ" ಎಂದರು ಷಡ್ಡಕರು.

ಪಾತ್ರೆಯಂತೆ. ನನಗೆ ಮೈ ಉರಿಯಿತು. ವರ್ಕ್‌ಶಾಪಿನಲ್ಲಿ ಮಿಕ್ಕಿದ್ದ ಪೈಪ್ ಕತ್ತರಿಸಿ ಅವರ ಅಡುಗೆಮನೆಯ ಮೂಲೆಗೆ ಸರಿಹೊಂದುವ ಮೂರು ಅಂತಸ್ತಿನ ಸ್ಟ್ಯಾಂಡ್ ಮಾಡಿದೆ. ಪೇಂಟು ಹೊಡೆದು, ಮೇಲೆ ಚಕ್ಕುಲಿ ತುಂಬಿದ ಹಾಟ್‌ಬಾಕ್ಸ್ ಕಟ್ಟಿ, ಲಗೇಜ್ ಆಟೋದಲ್ಲಿ ಕೊಂಡುಹೋದೆ.

"ಇದೇನಣ್ಣ?"

"ಹಾಟ್‌ಬಾಕ್ಸ್ ದಾರೀಲಿ ಅಲ್ಲಾಡಬಾರದು ಅಂತ. ಗಿಫ್ಟ್ ಅಲ್ಲ."

ಅವರ ಮುಖ ನೋಡಿ ಈ ಆಟ ಮುಗಿಯಿತು ಎಂದುಕೊಂಡೆ. ಹಬ್ಬಕ್ಕೆ ಇನ್ನೆರಡು ದಿನ ಇದೆ ಎನ್ನುವಾಗ ನಾದಿನಿ ಬಂದಳು. ಕೈಯಲ್ಲಿ ದೊಡ್ಡ ಕುಕ್ಕರ್, ಫಳಫಳ ಹೊಸದು. ಮುಚ್ಚಳ ತೆಗೆದರೆ ಒಳಗೆ ಕೇಕು.

"ಕುಕ್ಕರಲ್ಲೇ ಮಾಡಿದ್ದು ಭಾವ. ತೆಗೆದ್ರೆ ಒಡೆದು ಹೋಗುತ್ತೆ, ಅದಕ್ಕೆ ಹಾಗೇ ತಂದೆ" ಎಂದು ಹೇಳಿ, ಕಾಫಿಯನ್ನೂ ಕುಡಿಯದೆ ಹೊರಟೇ ಹೋದಳು.

ಕೇಕು ಚೆನ್ನಾಗಿತ್ತು. ಆದರೆ ತಿಂದಷ್ಟೂ ಕುಕ್ಕರಿನ ತಳ ಕಾಣುತ್ತಿತ್ತು. ಅಷ್ಟು ದೊಡ್ಡ ಕುಕ್ಕರನ್ನು ಮರ್ಯಾದೆಯಾಗಿ ಯಾವುದರಿಂದ ತುಂಬಿಸುವುದು? ಮನೆಯಲ್ಲಿದ್ದ ಗೋಡಂಬಿ ಅವರದೇ. ಹೆಂಡತಿ ಸೀರೆ ಮಡಚಿ ಇಡೋಣ ಎಂದಳು. ನಾನು ಹಾರ್ಡ್‌ವೇರ್ ಅಂಗಡಿಯವರ ಹತ್ತಿರ ಕೈಸಾಲ ಕೇಳಲೆಂದು ಚಪ್ಪಲಿ ಹಾಕಿಕೊಂಡೆ. ಈ ಸಲ ನನ್ನ ಹತ್ತಿರ ದುಡ್ಡಿಲ್ಲ ಎಂದು ಷಡ್ಡಕನಿಗೆ ತಿಳಿಯುವುದಕ್ಕಿಂತ ಸಾಲವೇ ಮೇಲು.

"ಎಲ್ಲಿಗೆ ಅಳಿಯಂದ್ರು?" ಎಂದರು ಅತ್ತೆ.

"ಇಲ್ಲೇ, ಕುಕ್ಕರಿಗೆ ಏನಾದ್ರೂ ತರೋಣ ಅಂತ."

ಅತ್ತೆ ಎದ್ದು ಅಡುಗೆಮನೆಗೆ ಹೋದರು. ತೊಳೆದಿಟ್ಟ ಕುಕ್ಕರಿಗೆ ಒಂದು ಚಮಚ ಸಕ್ಕರೆ ಹಾಕಿದರು. ಗ್ಯಾಸ್ಕೆಟ್ ಕೂರಿಸಿ, ಮುಚ್ಚಳ ತಿರುಗಿಸಿ, ಮೇಲೆ ವೆಯ್ಟನ್ನೂ ಇಟ್ಟು ನನ್ನ ಕೈಗೆ ಕೊಟ್ಟರು.

"ಖಾಲಿ ಕಳಿಸಬಾರ್ದು ಅಂದವರೇ ಒಂದು ಚಮಚ ಸಕ್ಕರೆ ಸಾಕು ಅಂತಾನೂ ಹೇಳಿದಾರೆ. ನೀವು ಷಡ್ಡಕರಿಬ್ರೂ ಅರ್ಧ ಮಾತ್ರ ಕೇಳಿಸ್ಕೊಂಡಿದೀರ. ಹೋಗಿ ಕೊಟ್ಟು ಬನ್ನಿ."

ಅತ್ತೆಯ ಮಾತು ಮೀರುವಂತಿಲ್ಲ. ಬಾಡಿಗೆ ಬಾಕಿಯಿದ್ದವನು ಮಾಲೀಕನ ಮನೆಗೆ ಹೋಗುವಂತೆ ಜೆ.ಪಿ. ನಗರಕ್ಕೆ ಹೋದೆ.

ಬಾಗಿಲು ತೆಗೆದ ಷಡ್ಡಕರು ನನ್ನನ್ನು ನೋಡಲಿಲ್ಲ, ಕುಕ್ಕರನ್ನು ನೋಡಿದರು. ಅದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುವಾಗ ಅವರ ಹಣೆಯಲ್ಲಿ ಬೆವರು. ಇವರಿಗೇನಾಯಿತು ಎಂದುಕೊಂಡೆ. ಊಟದ ಮೇಜಿನ ಮೇಲಿಟ್ಟು ನಿಧಾನವಾಗಿ ಮುಚ್ಚಳ ತೆಗೆದು ಇಣುಕಿದರು. ಕೈ ಹಾಕಿ ತಳ ಸವರಿದರು. ಬೆರಳು ನೆಕ್ಕಿದರು.

"ಸಕ್ಕರೆನಾ ಅಣ್ಣ?"

"ಸಕ್ಕರೆ."

"ಬೇರೇನೂ ಇಲ್ಲ?"

"ಇಲ್ಲ. ಕೈ ಬಿಗಿ ಇದೆ ಈ ಸಲ" ಎಂದುಬಿಟ್ಟೆ. ಹೇಗೆ ಬಂತೋ ಬಾಯಿಗೆ.

ಅವರು ಕುರ್ಚಿಗೆ ಕುಸಿದು ಕೂತರು. "ಒಳಗಡೆ ಇನ್ನೇನಾದ್ರೂ ಇದ್ದಿದ್ರೆ ನಾನು ಊರೇ ಬಿಡ್ಬೇಕಿತ್ತು. ಫ್ಲ್ಯಾಟಿನ ಕಂತು ಕಟ್ಟೋಕೇ ಆಗ್ತಿಲ್ಲ ಅಣ್ಣ. ನೀವು ಗಿಫ್ಟ್ ಬೇಡ ಅಂದಾಗ ನಿಮ್ಮ ಕಾಲಿಗೆ ಬೀಳೋಣ ಅನಿಸ್ತು. ಆಮೇಲೆ ನೀವು ಸ್ಟ್ಯಾಂಡ್ ತಂದ್ರಿ."

"ಹಾಟ್‌ಬಾಕ್ಸ್ ಕಳಿಸಿದ್ದು ಯಾರು?"

"ಕ್ಯಾರಿಯರ್ ಕಳಿಸಿದ್ದು ಯಾರು?" ಎಂದಳು ನಾದಿನಿ ಒಳಗಿನಿಂದ. ಅವಳೇ ಬಂದು ಕುಕ್ಕರನ್ನು ಬಗ್ಗಿಸಿ ಸಕ್ಕರೆಯನ್ನು ಲೋಟಕ್ಕೆ ಬಳಿದುಕೊಂಡು ಹೋಗಿ ಟೀ ಮಾಡಿದಳು. ಒಂದು ಚಮಚ ಸಕ್ಕರೆ, ಮೂರು ಲೋಟ ಟೀ. ಸಪ್ಪೆಯಾಗಿತ್ತು. ಯಾರೂ ಇನ್ನಷ್ಟು ಸಕ್ಕರೆ ಕೇಳಲಿಲ್ಲ.

ಅಂದಿನಿಂದ ನಮ್ಮೆರಡು ಮನೆಗಳಿಗೆ ಕ್ರಿಸ್‌ಮಸ್ ಗಿಫ್ಟ್ ಎಂದರೆ ಡಬ್ಬಿಯಲ್ಲಿ ಒಂದು ಚಮಚ ಸಕ್ಕರೆ. ಎಲ್ಲರಿಗೂ ನೆಮ್ಮದಿ. ಆದರೆ ಈ ಸಲ ಅವರ ಮನೆಯಿಂದ ಬಂದ ಸಕ್ಕರೆ ಕಂದು ಬಣ್ಣದ್ದು.

"ಕೇಳಿದೆ ರೀ, ಇದು ಮಾಮೂಲಿ ಸಕ್ಕರೆಗಿಂತ ದುಬಾರಿಯಂತೆ" ಎಂದಳು ಹೆಂಡತಿ.

"ಸುಮ್ನಿರು. ಹಬ್ಬದ ದಿನ ಅದನ್ನೆಲ್ಲ ಲೆಕ್ಕ ಹಾಕಬಾರದು" ಎಂದೆ.

ಹೇಳಿ, ಅತ್ತೆ ಮಲಗಿದ್ದಾರಾ ಎಂದು ನೋಡಿಕೊಂಡು, ಕಲ್ಲುಸಕ್ಕರೆ ತರಲು ಅಂಗಡಿಗೆ ಹೊರಟೆ.