ಕೆಳಗಿನ ಸಾಲೇ ನಡೆಯಬೇಕು

ಗಿರಣಿಯವರು ಅವಳನ್ನು ತಮಾಷೆಗೆ ಭಾಷೆಯಮ್ಮ ಎಂದೇ ಕರೆಯುತ್ತಿದ್ದರು. ಬಟ್ಟೆಗೆ ಬಣ್ಣ ಹಾಕುವ ಯಂತ್ರಗಳಿಗಾಗಿ ಅವಳೊಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದಳು. ಕಟ್ಟುವ ಮೊದಲು ಬಣ್ಣದ ಮೇಸ್ತ್ರಿಯ ಬೆನ್ನಿಗೆ ಬಿದ್ದು ಅವರ ನೋಟ್‌ಬುಕ್ಕುಗಳನ್ನೆಲ್ಲ ಓದಿದ್ದಳು. ಮೇಸ್ತ್ರಿ ಬರೆದದ್ದನ್ನು ಎಂದೂ ಹೊಡೆದುಹಾಕುವವರಲ್ಲ. ‘ನೀಲಿ ಅಂದರೆ ಉಪ್ಪು 5’ ಎಂದು ಬಣ್ಣ ಹಿಡಿಸುವ ಉಪ್ಪಿನ ಅಳತೆ ಬರೆದದ್ದು ಸರಿಬರದಿದ್ದರೆ ಅದರ ಕೆಳಗೆ ‘ನೀಲಿ ಅಂದರೆ ಉಪ್ಪು 3’ ಎಂದು ಬರೆಯುವರು, ಅಷ್ಟೆ. ಅವಳ ಭಾಷೆಯೂ ಹಾಗೆಯೇ: ಒಂದೇ ಹೆಸರಿಗೆ ಎರಡು ವ್ಯಾಖ್ಯೆಗಳಿದ್ದರೆ ಕೆಳಗಿನದೇ ನಡೆಯುತ್ತದೆ. ಮೇಸ್ತ್ರಿ ಈಗ ನೋಟ್‌ಬುಕ್ಕಿನ ಬದಲು ಯಂತ್ರದ ಫೈಲುಗಳಲ್ಲೇ ಹಾಗೆ ಬರೆಯುತ್ತಿದ್ದರು.

ಹೊಸ ಮ್ಯಾನೇಜರ್ ಬಂದ. ಫೈಲುಗಳು ಅಂದವಾಗಿ ಕಾಣಬೇಕಂತೆ, ಅಂದವಂತೆ ಅಂದ! ಅವಳು ರಜೆಯಲ್ಲಿದ್ದ ವಾರ ಸಾಲುಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸುವ ಪ್ರೋಗ್ರಾಮು ಹಾಕಿಸಿದ. 3 ಮೇಲೇರಿತು, 5 ಕೆಳಗಿಳಿಯಿತು, ಯಂತ್ರ ಆ ಹಳೆಯ 5ನ್ನೇ ನಡೆಸಿತು. ಇಡೀ ದಿನದ ಬಟ್ಟೆ ಕಲೆ ಕಲೆಯಾಗಿ ಹೊರಬಂತು. ಮೇಸ್ತ್ರಿಯ ತಪ್ಪೆಂದು ಅವರನ್ನು ಮನೆಗೆ ಕಳಿಸಿದ. ಕೆಲಸದಿಂದ ತೆಗೆಯುವ ಕಾಗದಕ್ಕೆ ಸೋಮವಾರ ಸಹಿ ಬೀಳುವುದಿತ್ತು.

ರಜೆ ಮುಗಿಸಿ ಬಂದವಳಿಗೆ ಸಿಟ್ಟು ನೆತ್ತಿಗೇರಿತು. ಮ್ಯಾನೇಜರನ ಕೋಣೆಗೆ ನುಗ್ಗಿದಳು.

“ಸಾಲು ಕದಲಿಸಿದ್ದು ನೀವು. ಅದನ್ನ ಆ ಹಿರಿಯರ ತಲೆಗೆ ಕಟ್ತೀರಲ್ಲ, ನಾಚಿಕೆ ಆಗಲ್ವಾ?”

“ಒಂದೇ ಹೆಸರನ್ನ ಎರಡು ಸಲ ಬರೆದಿದ್ದು ಅವರು ತಾನೇ? ಕ್ರಮ ಬದಲಿಸಬಾರದು ಅಂತ ನಿಮ್ಮ ಭಾಷೆಯ ಕೈಪಿಡೀಲಿ ಎಲ್ಲಿದೆ, ತೋರಿಸಿ.”

ಪುಟ ತಿರುವಿದಳು. ಇರಲಿಲ್ಲ. ಇಷ್ಟೂ ಗೊತ್ತಾಗದವರು ಯಾರಿದ್ದಾರೆ ಎಂದುಕೊಂಡು ಅವಳೇ ಬರೆದಿರಲಿಲ್ಲ. ಥೂ, ನನ್ನ ಜಾಣತನಕ್ಕಿಷ್ಟು ಎಂದು ಹಲ್ಲು ಕಡಿದಳು. ಅಲ್ಲೇ ನಿಂತು ಕಾಗದ ಎಳೆದುಕೊಂಡು ಬರೆದಳು: ತಪ್ಪು ಮೇಸ್ತ್ರಿಯವರದಲ್ಲ, ಕ್ರಮ ಕಾಯುವ ನಿಯಮವನ್ನು ಬರೆದಿಡದ ನನ್ನದು.

“ಹಾಗಾದ್ರೆ ಸೋಮವಾರದ ಕಾಗದ ನಿಮ್ಮ ಹೆಸರಿಗೆ ಬರುತ್ತೆ,” ಎಂದ ಮ್ಯಾನೇಜರ್.

“ಬರಲಿ. ಅವರನ್ನ ನಾಳೇನೇ ಕರೆಸಿ.”

ಸಂಜೆ ಸುದ್ದಿ ಹೇಳಲು ಮೇಸ್ತ್ರಿಯ ಮನೆಗೆ ಹೋದಳು. ಅವರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಒಳಗೆ ಬಾ ಎನ್ನಲಿಲ್ಲ.

“ನಾಲ್ಕು ದಿನದಿಂದ ನನ್ನ ಹೆಂಡತಿ ಅಕ್ಕಪಕ್ಕದವರಿಗೆ ಮುಖ ತೋರಿಸಿಲ್ಲ,” ಎಂದರು. “ಆ ಮ್ಯಾನೇಜರನಿಗೆ ಬಣ್ಣ ಗೊತ್ತಿಲ್ಲ, ಹಾಳಾಗಿ ಹೋಗಲಿ. ನೀನು ನನ್ನ ಪಕ್ಕದಲ್ಲೇ ಕೂತು ಎಲ್ಲ ನೋಡಿದವಳು. ನಾನು ಹೇಗೆ ಬರೀತೀನಿ ಅಂತ ಗಿರಣಿಯವರಿಗೆ ಒಂದು ಮಾತು ಬರೆದಿಡೋಕೆ ನಿನಗೆ ಆಗಲಿಲ್ವಾ ಮಗಳೇ?”

ಮೇಸ್ತ್ರಿ ಬಾಗಿಲು ಹಾಕಿಕೊಂಡರು.