ನನ್ನ ಜೇಬಿನಲ್ಲಿದ್ದ ಅವಳ ಇಂಟರ್ನೆಟ್

ಇದು ನಡೆದದ್ದಂತೂ ನಿಜ. ಹೇಗೆ ನಡೆಯಿತು ಎಂಬುದರಲ್ಲಿ ಮಾತ್ರ ನನಗೂ ನನ್ನ ಹೆಂಡತಿ ಸುಮತಿಗೂ ಒಮ್ಮತವಿಲ್ಲ. ನಾನು ಮೈಸೂರಿನಲ್ಲಿ ತತ್ವಶಾಸ್ತ್ರ ಓದಿದವನು. ಯಾವುದನ್ನೂ ಪರೀಕ್ಷಿಸದೆ ನಂಬಬಾರದೆಂದು ಅಲ್ಲಿ ಕಲಿಸಿದ್ದರು. ವಯಸ್ಸಾಗುತ್ತಾ ಆ ಸಂದೇಹ ಹೊರಗಿನ ಪ್ರಪಂಚವನ್ನು ಬಿಟ್ಟು ನನ್ನ ನೆನಪಿನ ಮೇಲೆಯೇ ತಿರುಗಿಬಿದ್ದಿದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನಾವಿರುವ ಡೊಂಬಿವಲಿಯ ಸ್ಟೇಷನ್ನಿನ ಮೆಟ್ಟಿಲಿನಿಂದ ಮನೆಗೆ ಓಡಿದ್ದೇನೆ. ಅಂದು ನಾವು ತಿಂಡಿ ತಿಂದದ್ದೇ ಹೊರಗೆ, ಒಲೆ ಹಚ್ಚಿಯೇ ಇರಲಿಲ್ಲ ಎಂಬುದು ಬಾಗಿಲು ತೆಗೆದ ಮೇಲೆ ಹೊಳೆಯಿತು.

ಇಂಥವನು ಹೆಂಡತಿಯನ್ನು ಕರೆದುಕೊಂಡು ವಿಯೆನ್ನಾಗೆ ಹೊರಟೆ. ಹೊರದೇಶಕ್ಕೆ ಹೋಗುವವರನ್ನು ಈಗ ಯಾರೂ ಚಟ್ನಿಪುಡಿ ಇಟ್ಟುಕೊಂಡಿರಾ ಎಂದು ಕೇಳುವುದಿಲ್ಲ, ನೆಟ್ಟಿಗೆ ಏನು ಮಾಡಿದಿರಿ ಎಂದು ಕೇಳುತ್ತಾರೆ. ನಮ್ಮ ಸೊಸೈಟಿಯಲ್ಲಿ ಒಬ್ಬರು ರೋಮಿಂಗ್ ಹಾಕಿಸಿ ಎಂದರು. ರೋಮಿಂಗ್ ಹಾಕಿಸಿದರೆ ಫ್ಲ್ಯಾಟ್ ಮಾರಬೇಕಾದೀತು ಎಂದರು ಇನ್ನೊಬ್ಬರು. ಮತ್ತೊಬ್ಬರ ಪ್ರಕಾರ ಅಲ್ಲಲ್ಲಿ ಸಿಗುವ ಪುಕ್ಕಟೆ ವೈಫೈ ಸಾಕು. ಆ ವೈಫೈ ಕೆಲವು ಕಡೆ ಒಟಿಪಿ ಕೇಳುತ್ತದೆ, ಒಟಿಪಿ ಬರಬೇಕಾದ ನಮ್ಮ ಸಿಮ್ಮಿಗೆ ಅಲ್ಲಿ ಜೀವವೇ ಇರುವುದಿಲ್ಲ ಎಂಬುದನ್ನು ಅವರು ಹೇಳಲಿಲ್ಲ. ಅಥವಾ ಹೇಳಿದ್ದರೋ ಏನೋ. ಕೊನೆಗೆ ವಾಶಿಯ ಅಂಗಡಿಯವನೊಬ್ಬ ಇ-ಸಿಮ್ ತೋರಿಸಿದ. ತೋರಿಸಿದ ಎನ್ನುವುದೂ ತಪ್ಪು, ಅದು ಕಣ್ಣಿಗೆ ಕಾಣುವ ವಸ್ತುವಲ್ಲ. ಒಳಗೇ ಇದೆ, ನಂಬಿ ಎಂದ. ದೇವರ ವಿಷಯದಲ್ಲಿ ಯಾರಾದರೂ ಹೀಗೆ ಹೇಳಿದರೆ ಜಗಳಕ್ಕೆ ನಿಲ್ಲುವ ನಾನು ಅಲ್ಲಿ ಸುಮ್ಮನೆ ತಲೆಯಾಡಿಸಿದೆ.

ಸುಮತಿಯ ಹಳೆಯ ಫೋನು ಇ-ಸಿಮ್ಮನ್ನು ಒಪ್ಪಲಿಲ್ಲ. ಹಾಗಾಗಿ ನೆಟ್ ನನ್ನ ಫೋನಿನಲ್ಲಿ, ಅವಳಿಗೆ ನನ್ನ ಹಾಟ್‌ಸ್ಪಾಟ್ ಎಂದಾಯಿತು. ‘ಹೇಗೂ ಒಟ್ಟಿಗೇ ಇರುತ್ತೇವಲ್ಲ’ ಎಂದು ನಮ್ಮಿಬ್ಬರಲ್ಲಿ ಒಬ್ಬರು ಹೇಳಿದರು. ಹೇಳಿದ್ದು ಅವಳು ಎಂದು ನನ್ನ ನೆನಪು, ನಾನು ಎಂದು ಅವಳದು.

ಯಾರು ಹೇಳಿದ್ದರೂ ಅದು ಸುಳ್ಳು. ಮದುವೆಯಾದಂದಿನಿಂದ ನಾವು ರೈಲಿನಲ್ಲಿ ಒಟ್ಟಿಗೆ ಹೋದದ್ದೇ ಅಪರೂಪ. ಒಂದೇ ಲೋಕಲ್, ಅವಳು ಲೇಡೀಸ್ ಡಬ್ಬದಲ್ಲಿ, ನಾನು ಇನ್ನೊಬ್ಬರ ಬ್ಯಾಗಿಗೆ ಮುಖ ಕೊಟ್ಟುಕೊಂಡು ಜನರಲ್ ಡಬ್ಬದಲ್ಲಿ. ಇಳಿದ ಮೇಲೆ ರೈಲಿನ ಸಮಯ ತೋರಿಸುವ ಇಂಡಿಕೇಟರ್ ಕೆಳಗೆ ಭೇಟಿ. ಸುಮತಿಯ ಅಪ್ಪ ಉಡುಪಿಯಿಂದ ಬಂದು ಇಲ್ಲಿ ಹೋಟೆಲು ನಡೆಸಿದವರು, ಅವಳು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲೇ. ಲೇಡೀಸ್ ಡಬ್ಬ ಪ್ಲಾಟ್‌ಫಾರ್ಮಿನಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದು ಅವಳ ಕಾಲಿಗೇ ಗೊತ್ತು, ತಲೆಯನ್ನು ಕೇಳಬೇಕಾಗಿಲ್ಲ.

ವಿಯೆನ್ನಾದ ಮೆಟ್ರೋ ನಿಲ್ದಾಣದಲ್ಲಿ ರೈಲು ಬಂದಾಗ ಆ ಕಾಲು ತನ್ನ ಕೆಲಸ ಮಾಡಿತು. ನನ್ನ ಕಾಲೂ ಮಾಡಿತು. ಅವಳು ಪ್ಲಾಟ್‌ಫಾರ್ಮಿನ ಆ ತುದಿಗೆ ನಡೆದಳು, ನಾನು ನಿಂತಲ್ಲೇ ಒಳಗೆ ನುಗ್ಗಿದೆ. ನುಗ್ಗಲು ಎದುರಿಗೆ ಯಾರೂ ಇರಲಿಲ್ಲ, ಆಚೆಯ ಬಾಗಿಲಿನ ತನಕ ಹೋಗಿ ನಿಂತೆ. ಡಬ್ಬದ ತುಂಬ ಹೆಂಗಸರೂ ಗಂಡಸರೂ ಅಕ್ಕಪಕ್ಕ ಕೂತಿದ್ದಾರೆ, ಅವರಲ್ಲಿ ನನ್ನವಳಿಲ್ಲ.

ಫೋನು ತೆಗೆದು ಎಲ್ಲಿದ್ದೀಯ ಎಂದು ಸಂದೇಶ ಕಳಿಸಿದೆ. ಒಂದೇ ಟಿಕ್ ಬಿತ್ತು. ಕರೆ ಮಾಡಿದೆ, ಹೋಗಲಿಲ್ಲ. ಅವಳ ಇಂಟರ್ನೆಟ್ ನನ್ನ ಜೇಬಿನಲ್ಲಿತ್ತು ಎಂಬುದು ಆಮೇಲೆ ತಿಳಿಯಿತು. ಇಳಿಯಬೇಕಾದ ನಿಲ್ದಾಣವನ್ನು ಬೆಳಿಗ್ಗೆ ಇಬ್ಬರೂ ಸೇರಿ ನೋಡಿಟ್ಟಿದ್ದೆವು. ಅದು ‘ಪ್ಲಾಟ್ಸ್’ ಎಂದು ಮುಗಿಯುತ್ತಿತ್ತು, ಅಷ್ಟು ಖಚಿತ. ಅಲ್ಲಿನವರ ಭಾಷೆಯಲ್ಲಿ ಚೌಕ ಎಂದರ್ಥ, ಆ ಊರಿನಲ್ಲಿ ಎಷ್ಟೋ ನಿಲ್ದಾಣಗಳು ಹಾಗೆಯೇ ಮುಗಿಯುತ್ತವೆ. ಮೊದಲು ಬಂದ ಪ್ಲಾಟ್ಸಿನಲ್ಲಿ ಹಾರಿ ಇಳಿದೆ. ಅವಳಿಲ್ಲ, ರೈಲೂ ಹೋಯಿತು.

ನಮ್ಮ ಮೀಮಾಂಸಕರಲ್ಲಿ ಕೆಲವರು ಅನುಪಲಬ್ಧಿ ಎಂಬುದೊಂದನ್ನು ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ ಎಂಬುದನ್ನು ಆ ಕಾಣದಿರುವಿಕೆಯಿಂದಲೇ ತಿಳಿಯುತ್ತೇವಂತೆ. ಪರೀಕ್ಷೆಯಲ್ಲಿ ಇದನ್ನು ಪುಟಗಟ್ಟಲೆ ಖಂಡಿಸಿ ಬರೆದಿದ್ದೆ. ಆ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಖಂಡನೆಯ ಒಂದು ಸಾಲೂ ನೆನಪಾಗಲಿಲ್ಲ. ಸುಮತಿ ಇಲ್ಲ, ಅಷ್ಟೇ. ಅವಳ ಕೈಯಲ್ಲಿ ನೆಟ್ಟಿಲ್ಲ, ಆ ಭಾಷೆಯಿಲ್ಲ. ನಾವು ಇಳಿದುಕೊಂಡ ಹೋಟೆಲಿನ ಹೆಸರು ಅವಳಿಗೆ ಗೊತ್ತಿದೆಯೇ? ನನಗಂತೂ ಗೊತ್ತಿರಲಿಲ್ಲ. ಇಡೀ ಇಂಟರ್ನೆಟ್ ನನ್ನ ಅಂಗೈಯಲ್ಲಿತ್ತು. ಹತ್ತಿರದ ಕಾಫಿ ಎಲ್ಲಿ, ಸಂಜೆ ಮಳೆ ಬಂದೀತೇ ಎಂಬುದನ್ನೆಲ್ಲ ಅದು ಕೇಳದೆಯೇ ಹೇಳುತ್ತಿತ್ತು. ನನ್ನ ಹಾಗೆಯೇ, ಬೇಕಾದ್ದೊಂದು ಬಿಟ್ಟು ಎಲ್ಲವೂ ಅದಕ್ಕೆ ಗೊತ್ತು.

ಮುಂದಿನ ರೈಲು ಹತ್ತಿ ಇನ್ನೊಂದು ಪ್ಲಾಟ್ಸಿನಲ್ಲಿ ಇಳಿದೆ. ಅದೂ ಅಲ್ಲ. ಮತ್ತೊಂದರಲ್ಲಿ ಇಳಿದು ಜನರ ಮುಖ ನೋಡುತ್ತಾ ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆಯುತ್ತಿರುವಾಗ ಕೈಯಲ್ಲಿ ಫೋನು ನಡುಗಿತು. ಹಾಟ್‌ಸ್ಪಾಟಿಗೆ ಒಂದು ಸಾಧನ ಸೇರಿದೆ ಎಂದು ತೋರಿಸಿತು.

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ತರ್ಕದ ಮೊದಲ ಪಾಠದಲ್ಲೇ ಹೇಳಿಕೊಡುತ್ತಾರೆ. ಜನ್ಮದಲ್ಲಿ ಮೊದಲ ಸಲ ಅದನ್ನು ಸಂಶಯಪಡದೆ ನಂಬಿದೆ. ಅವಳು ಇನ್ನೂ ಕಾಣುತ್ತಿರಲಿಲ್ಲ. ಸಂದೇಶಕ್ಕೆ ಎರಡನೆಯ ಟಿಕ್ ಬಿತ್ತು. ತಲೆ ಎತ್ತಿದರೆ ಕಂಬದಾಚೆ, ಮುಂದಿನ ರೈಲು ಯಾವಾಗ ಎಂದು ತೋರಿಸುವ ಫಲಕದ ಕೆಳಗೆ, ಸುಮತಿ ಚಕ್ಕುಲಿ ತಿನ್ನುತ್ತಾ ನಿಂತಿದ್ದಳು.

“ಎಲ್ಲಿ ಹೋದದ್ದು ಮಾರಾಯ್ರೆ ನೀವು?”

ನೆಟ್ಟಿಲ್ಲದೆ ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆ.

“ನೆಟ್ ಎಂತಕ್ಕೆ? ಇಂಡಿಕೇಟರ್ ಉಂಟಲ್ಲ.”

ಈಗ ಮನೆಗೆ ಬಂದವರಿಗೆ ಅವಳು ಇದನ್ನೆಲ್ಲ ಬೇರೆಯಾಗಿಯೇ ಹೇಳುತ್ತಾಳೆ. ಆ ತುದಿಗೆ ನಡೆದುಹೋದದ್ದು ನಾನಂತೆ, ಅವಳು ನಿಂತಲ್ಲೇ ಹತ್ತಿದಳಂತೆ. ಅವಳು ಹೇಳುವುದನ್ನು ಕೇಳುತ್ತಾ ಕೇಳುತ್ತಾ ನನ್ನ ಕಾಲಿಗೂ ಆ ನಡಿಗೆ ನೆನಪಾಗತೊಡಗಿದೆ. ಯಾವುದು ಸರಿ ಎಂದು ತೀರ್ಮಾನಿಸುವ ಪ್ರಯತ್ನವನ್ನು ಬಿಟ್ಟಿದ್ದೇನೆ.

ಡೊಂಬಿವಲಿಯಲ್ಲಿ ನಾವು ಮೊದಲಿನ ಹಾಗೆಯೇ ಬೇರೆ ಬೇರೆ ಹತ್ತುತ್ತೇವೆ. ಇಲ್ಲಿ ಅವಳಿಗೆ ಅವಳದೇ ನೆಟ್ ಇದೆ, ನನ್ನದರ ಅಗತ್ಯವಿಲ್ಲ. ಆದರೂ ನನ್ನ ಹಾಟ್‌ಸ್ಪಾಟ್ ಉರಿಯುತ್ತಲೇ ಇರುತ್ತದೆ. ದಿವಾ ದಾಟಿ ಠಾಣೆ ಸ್ಟೇಷನ್ನಿನಲ್ಲಿ ಇಳಿದು ಗುಂಪಿನಲ್ಲಿ ತಳ್ಳಿಸಿಕೊಳ್ಳುತ್ತಾ ಇಂಡಿಕೇಟರ್ ಕಡೆಗೆ ಸಾಗುವಾಗ, ಅವಳು ಕಾಣುವ ಮೊದಲೇ ಅವಳ ಫೋನು ತಾನಾಗಿ ಸೇರಿ ನನ್ನ ಫೋನನ್ನು ಒಮ್ಮೆ ನಡುಗಿಸುತ್ತದೆ. ಬ್ಯಾಟರಿ ದಂಡ ಎಂದು ಸುಮತಿ ಬೈಯುತ್ತಾಳೆ. ಆರಿಸಲು ಮರೆತೆ ಎನ್ನುತ್ತೇನೆ. ಅವಳು ನಂಬುತ್ತಾಳೆ. ನನ್ನ ಮರೆವಿನ ಬಗ್ಗೆ ಅವಳಿಗೆ ಎಂದೂ ಸಂದೇಹ ಬಂದದ್ದಿಲ್ಲ.